ಬಿಸಿಲಿಗೆ ವೈರಾಣು ಸಾಯುತ್ತದೆಯೇ?

ಕೋವಿಡ್ ಎರಡನೇ ಅಲೆ ಹೈದರಾಬಾದನ್ನು ಕಂಗೆಡಿಸಿದ್ದು 2021ರ ಏಪ್ರಿಲ್-ಮೇನಲ್ಲಿ, ಹೊರಗೆ 40 ಡಿಗ್ರಿ ಆಸುಪಾಸಿನ ಬಿಸಿಲು ಕಾಯುತ್ತಿದ್ದಾಗ. ಆದರೂ ಹವಾಮಾನವೇ ನಮ್ಮನ್ನು ಕಾಯುತ್ತದೆಂಬ ನಂಬಿಕೆ ಹೋಗಿಲ್ಲ.

ತಪ್ಪು ಕಲ್ಪನೆ: ಬೇಸಿಗೆಯಲ್ಲಿ ವೈರಾಣು ಉಳಿಯುವುದಿಲ್ಲ.
ಸತ್ಯ: ಬಿಸಿಲಿನ ನೇರಳಾತೀತ ಕಿರಣಕ್ಕೆ ವೈರಾಣು ಬೇಗ ನಾಶವಾಗುತ್ತದೆ, ನಿಜ. ಆದರೆ ಬಿಸಿಲಿಗೆ ಹೆದರಿ ನಾವು ಕಿಟಕಿ ಮುಚ್ಚಿ ಒಳಗೆ ಕೂರುತ್ತೇವೆ. ಅಲ್ಲಿ ಬಿಸಿಲೂ ಇಲ್ಲ, ಹೊಸ ಗಾಳಿಯೂ ಇಲ್ಲ. ಸೋಂಕು ಹೆಚ್ಚಾಗಿ ಹರಡುವುದು ಇಂಥ ಕಡೆಯೇ.

ತಪ್ಪು ಕಲ್ಪನೆ: ಫ್ಲೂ ಚಳಿಗಾಲದ ಕಾಯಿಲೆ.
ಸತ್ಯ: ಚಳಿದೇಶಗಳ ಮಟ್ಟಿಗೆ ಇದು ಸರಿ. 2007ರಲ್ಲಿ ಗಿನಿಯಿಲಿಗಳ ಮೇಲೆ ನಡೆದ ಅಮೆರಿಕದ ಪ್ರಯೋಗದಲ್ಲೂ ತಂಪಾದ ಒಣ ಗಾಳಿಯಲ್ಲೇ ಫ್ಲೂ ಸುಲಭವಾಗಿ ಹರಡಿತು. ಆದರೆ ಭಾರತದ ಬಹುಭಾಗದಲ್ಲಿ ಫ್ಲೂ ಏರುವುದು ಜುಲೈಯಿಂದ ಸೆಪ್ಟೆಂಬರ್‌ವರೆಗೆ, ಮಳೆಗಾಲದಲ್ಲಿ. ತೇವಾಂಶ ಹೆಚ್ಚಿದ್ದರೆ ಸಾಕು, ಸೋಂಕು ತಡೆದೀತು ಎನ್ನುವಂತಿಲ್ಲ. ಮಳೆಯಲ್ಲಿ ನೆನೆದ ಮಾತ್ರಕ್ಕೆ ಫ್ಲೂ ಬರುವುದೂ ಇಲ್ಲ. ಅದು ಬರುವುದು ವೈರಾಣುವಿನಿಂದ.

ತಪ್ಪು ಕಲ್ಪನೆ: ಎಸಿ ಕೋಣೆಯ ಗಾಳಿ ಶುದ್ಧ.
ಸತ್ಯ: ಮನೆಗಳ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತರುವುದಿಲ್ಲ, ಒಳಗಿನದನ್ನೇ ತಂಪು ಮಾಡಿ ತಿರುಗಿಸುತ್ತದೆ. ಎಸಿಯಿಂದ ಗಾಳಿ ತೀರಾ ಒಣಗಿದರೆ ಬಾಯಿಂದ ಹೊರಟ ಹನಿಗಳು ಬೇಗ ಆರಿ ಕಿರಿದಾಗಿ ಹೆಚ್ಚು ಹೊತ್ತು ತೇಲುತ್ತವೆ. ಮೂಗಿನ ಒಳಪೊರೆಯೂ ಒಣಗಿ ಅದರ ಕಾವಲು ಸಡಿಲಾಗುತ್ತದೆ. ಅದಕ್ಕೇ 2020ರಲ್ಲಿ ಭಾರತದ ಹವಾನಿಯಂತ್ರಣ ತಜ್ಞರ ಸಂಘ ಇಶ್ರೇ ಕೊಟ್ಟ ಸಲಹೆ: ಉಷ್ಣಾಂಶ 24ರಿಂದ 30 ಡಿಗ್ರಿ, ತೇವಾಂಶ ಶೇ 40ರಿಂದ 70, ಜೊತೆಗೆ ಹೊರಗಿನ ಗಾಳಿ.

ತಪ್ಪು ಕಲ್ಪನೆ: ಆರಡಿ ದೂರವಿದ್ದರೆ ಅಪಾಯವಿಲ್ಲ.
ಸತ್ಯ: ದಪ್ಪ ಹನಿಗಳು ಹತ್ತಿರದಲ್ಲೇ ನೆಲಕ್ಕೆ ಬೀಳುತ್ತವೆ. ಆದರೆ ಮಾತು, ಉಸಿರಾಟದಿಂದ ಹೊರಟ ಸೂಕ್ಷ್ಮ ಕಣಗಳು ಕೋಣೆಯಿಡೀ ಹರಡುತ್ತವೆ. ಹೈದರಾಬಾದಿನ ಸಂಶೋಧನಾ ಕೇಂದ್ರ ಸಿಸಿಎಂಬಿಯ ವಿಜ್ಞಾನಿಗಳು ಚಂಡೀಗಡದ ಸಂಶೋಧನಾ ಸಂಸ್ಥೆ ಇಮ್‌ಟೆಕ್ ಜೊತೆಗೂಡಿ ಹೈದರಾಬಾದ್ ಮತ್ತು ಮೊಹಾಲಿಯ ಆಸ್ಪತ್ರೆಗಳ ಗಾಳಿಯನ್ನು ಪರೀಕ್ಷಿಸಿದರು. ಒಂದೇ ಕೋಣೆಯಲ್ಲಿ ಕೋವಿಡ್ ರೋಗಿಗಳು ಹೆಚ್ಚಿದ್ದಷ್ಟೂ ಗಾಳಿಯಲ್ಲಿ ವೈರಾಣು ಸಿಗುವ ಸಾಧ್ಯತೆ ಹೆಚ್ಚಿತ್ತು.

ಬಿಸಿಲು, ಮಳೆ, ಚಳಿ ನಮ್ಮ ಕೈಯಲ್ಲಿಲ್ಲ. ಕೋಣೆಯ ಗಾಳಿ ನಮ್ಮ ಕೈಯಲ್ಲಿದೆ. ಮನೆಯಲ್ಲಿ ಯಾರಿಗಾದರೂ ಕೆಮ್ಮು-ಜ್ವರವಿದ್ದರೆ ಎದುರುಬದುರಿನ ಕಿಟಕಿಗಳನ್ನು ತೆರೆಯಿರಿ, ಎಕ್ಸಾಸ್ಟ್ ಫ್ಯಾನ್ ಹಾಕಿ, ಮಾಸ್ಕ್ ಧರಿಸಿ. ಕಾಲ ಯಾವುದೇ ಇರಲಿ, ಇದನ್ನು ತಪ್ಪಿಸಬೇಡಿ.