ಮೂಳೆಯ ಜಮಾ-ಖರ್ಚು

ಮೂಳೆಯೆಂದರೆ ಒಮ್ಮೆ ಬೆಳೆದ ಮೇಲೆ ಕಲ್ಲುಕಂಬದಂತೆ ನಿಂತುಬಿಡುವ ಜಡವಸ್ತುವೆಂದು ನಮ್ಮಲ್ಲಿ ಅನೇಕರ ಭಾವನೆ. ವಾಸ್ತವವಾಗಿ ಅದು ಸಜೀವವಾದುದು. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಲೇ ಇರುತ್ತವೆ. ಮತ್ತೊಂದು ಬಗೆಯವು ಅದೇ ಸ್ಥಳದಲ್ಲಿ ಹೊಸತನ್ನು ಕಟ್ಟುತ್ತವೆ. ಕಟ್ಟುವುದು ಹೆಚ್ಚಾದರೆ ಸಾಂದ್ರತೆ ಏರುತ್ತದೆ, ಕರಗುವುದು ಹೆಚ್ಚಾದರೆ ಇಳಿಯುತ್ತದೆ.

ಪ್ರಾಯಕ್ಕೆ ಬರುವವರೆಗೆ ಹುಡುಗ ಹುಡುಗಿಯರಲ್ಲಿ ಹೇಳಿಕೊಳ್ಳುವಂತಹ ಭೇದವಿಲ್ಲ. ಆಮೇಲೆ ಹುಡುಗರ ಮೂಳೆ ಇನ್ನಷ್ಟು ಕಾಲ ಬೆಳೆದು ಸುತ್ತಳತೆಯಲ್ಲಿ ದಪ್ಪವಾಗುತ್ತದೆ. ಗಂಡಸರ ಮೂಳೆ ಗಟ್ಟಿಯೆಂಬ ಮಾತಿನಲ್ಲಿ ಬಹುಪಾಲು ಈ ಗಾತ್ರದ್ದೇ. ಸಾಂದ್ರತೆಯನ್ನಳೆಯುವ ಡೆಕ್ಸಾ ಎಂಬ ಎಕ್ಸ್-ರೇ ಯಂತ್ರವು ಮೂಳೆಯನ್ನು ಚಪ್ಪಟೆಯಾದ ನೆರಳಾಗಿ ಕಂಡು ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂದು ಹೇಳುತ್ತದೆ. ಆದ್ದರಿಂದ ದಪ್ಪ ಮೂಳೆ ಅದರ ಕಣ್ಣಿಗೆ ಇದ್ದುದಕ್ಕಿಂತ ಸಾಂದ್ರವಾಗಿಯೇ ಕಾಣುತ್ತದೆ!

ಇಪ್ಪತ್ತರ ಹೊತ್ತಿಗೆ, ಅಂದರೆ ನಮ್ಮ ಸಹಪಾಠಿಗಳ ವಯಸ್ಸಿಗೆ, ಜೀವಮಾನದ ಗರಿಷ್ಠ ಸಂಗ್ರಹದಲ್ಲಿ ಶೇಕಡ ೯೦ರಷ್ಟು ಕೂಡಿಬಿಟ್ಟಿರುತ್ತದೆ. ಉಳಿದದ್ದು ಸುಮಾರು ೩೦ರೊಳಗೆ. ಕೆಲವು ವರ್ಷ ಸಮಸ್ಥಿತಿಯಲ್ಲಿದ್ದು, ನಲವತ್ತರ ಸುಮಾರಿಗೆ ಇಬ್ಬರಲ್ಲಿಯೂ ವರ್ಷಕ್ಕೆ ಶೇಕಡ ಅರ್ಧದಿಂದ ಒಂದರಂತೆ ಸವೆತ ಆರಂಭವಾಗುತ್ತದೆ.

ಹೆಂಗಸರಿಗೆ ಮಾತ್ರ ನಡುವೆ ಒಂದು ಕಡಿದಾದ ಇಳಿಜಾರು. ಕರಗಿಸುವ ಕೋಶಗಳಿಗೆ ಕಡಿವಾಣವಾಗಿದ್ದ ಈಸ್ಟ್ರೊಜೆನ್ ಎಂಬ ಹಾರ್ಮೋನು ಮುಟ್ಟು ನಿಲ್ಲುವ ಕಾಲಕ್ಕೆ ತೀರ ಕಡಿಮೆಯಾಗುತ್ತದೆ. ಮುಂದಿನ ೫-೭ ವರ್ಷಗಳಲ್ಲಿ ಸವೆತ ವರ್ಷಕ್ಕೆ ಶೇಕಡ ೨-೩ಕ್ಕೆ ಏರುವುದುಂಟು. ಪಾಶ್ಚಾತ್ಯ ದೇಶಗಳಲ್ಲಿ ಮುಟ್ಟು ನಿಲ್ಲುವುದು ಸರಾಸರಿ ೫೧ರಲ್ಲಿ. ನಮ್ಮ ದೇಶದಲ್ಲಿ ೪೬-೪೭ರಲ್ಲಿಯೇ. ನಮ್ಮ ತಾಯಂದಿರ ಖರ್ಚು ಅಷ್ಟು ಬೇಗ ಮೊದಲಾಗುತ್ತದೆ.

ಹಾಗಾದರೆ ಗಂಡಸರಿಗೆ ಈಸ್ಟ್ರೊಜೆನ್ ಬೇಡವೆ? ಬೇಕು. ೧೯೯೪ರಲ್ಲಿ ಅಮೆರಿಕದ ವೈದ್ಯರು ೨೮ ವರ್ಷದ ಪುರುಷನೊಬ್ಬನ ವಿಚಾರವನ್ನು ಪ್ರಕಟಿಸಿದರು. ಅವನಲ್ಲಿ ಪುರುಷ ಹಾರ್ಮೋನು ಸರಿಯಾಗಿಯೇ ಇತ್ತು, ಈಸ್ಟ್ರೊಜೆನ್ನೂ ಇತ್ತು. ಆದರೆ ಈಸ್ಟ್ರೊಜೆನ್ನನ್ನು ಗ್ರಹಿಸುವ ಶಕ್ತಿ ಹುಟ್ಟಿನಿಂದಲೇ ಅವನ ಜೀವಕೋಶಗಳಿಗಿರಲಿಲ್ಲ. ೨೦೪ ಸೆಂಟಿಮೀಟರ್ ಎತ್ತರವಾಗಿ ಆತ ಇನ್ನೂ ಬೆಳೆಯುತ್ತಲೇ ಇದ್ದ. ಮೂಳೆಯ ಸಾಂದ್ರತೆ ಮಾತ್ರ ಬಹಳ ಕಡಿಮೆಯಾಗಿತ್ತು. ಗಂಡಸರ ದೇಹವು ತನ್ನ ಪುರುಷ ಹಾರ್ಮೋನಿನ ಒಂದಂಶವನ್ನೇ ಈಸ್ಟ್ರೊಜೆನ್ನಾಗಿ ಮಾರ್ಪಡಿಸಿಕೊಳ್ಳುತ್ತದೆ. ಅದು ಥಟ್ಟನೆ ನಿಲ್ಲದ ಕಾರಣ ಅವರಿಗೆ ಆ ಇಳಿಜಾರಿಲ್ಲ.

ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಅಜ್ಜಿಯ ಬೆನ್ನು ಗೂನಾದದ್ದು ಬಿಂದಿಗೆ ಹೊತ್ತೂ ಹೊತ್ತೂ ಎಂಬುದೇ ಎಲ್ಲರ ವಿವರಣೆ. ಆದರೆ ಪ್ರಾಯದಲ್ಲಿ ಹೊರೆ ಹೊತ್ತ ಮೂಳೆ ಬಲಿಯುತ್ತದೆ. ಹಾಸಿಗೆ ಹಿಡಿದವರದೇ ಬೇಗ ತೆಳುವಾಗುವುದು. ಬೆನ್ನುಮೂಳೆಯ ಬಿಲ್ಲೆಗಳ ಒಳಭಾಗ ಸ್ಪಂಜಿನಂತೆ ಜಾಲರಿಯಾದುದರಿಂದ ಸವೆತ ಅಲ್ಲಿ ಬೇಗ ತಗಲುತ್ತದೆ. ಬಿಲ್ಲೆಯ ಮುಂಭಾಗ ಕುಸಿದು ಬೆನ್ನು ಬಾಗುತ್ತದೆ, ಎಷ್ಟೋ ವೇಳೆ ನೋವೇ ತಿಳಿಯದಂತೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಮುದ್ದೆಯನ್ನು ಹೀಗಳೆದು ಅನ್ನಕ್ಕೆ ತಿರುಗಿದ ಹಾಸ್ಟೆಲಿನ ಮಿತ್ರರು ಇದನ್ನು ಗಮನಿಸಬಹುದು.

ಇದು ಹೆಂಗಸರ ಕಾಯಿಲೆಯೆಂದು ಗಂಡಸರು ನಿಶ್ಚಿಂತರಾಗುವಂತೆಯೂ ಇಲ್ಲ. ೬೫-೭೦ರ ವೇಳೆಗೆ ಇಬ್ಬರ ಸವೆತವೂ ಒಂದೇ ವೇಗಕ್ಕೆ ಬರುತ್ತದೆ. ಸೊಂಟದ ಮೂಳೆ ಮುರಿಯುವುದು ಹೆಂಗಸರಲ್ಲಿ ಹೆಚ್ಚು. ಮುರಿದ ಮೇಲೆ ವರ್ಷದೊಳಗೆ ಸಾಯುವ ಸಂಭವ ಗಂಡಸರಲ್ಲಿ ಹೆಚ್ಚು.