ಹಡಗು ಯಾರಿಗೂ ಕಾಯದು

'ಗಾಳಿ ಬಂದಾಗ ತೂರಿಕೋ' ಎಂಬುದು ನಮ್ಮ ಹಿರಿಯರ ಗಾದೆ. 'ತಾಳಿದವನು ಬಾಳಿಯಾನು' ಎಂಬುದೂ ಅವರದೇ. ಯಾವ ಸಂದರ್ಭದಲ್ಲಿ ಯಾವುದನ್ನು ಅನುಸರಿಸತಕ್ಕದ್ದು ಎಂಬುದನ್ನು ಮಾತ್ರ ಅವರು ನಮ್ಮ ವಿವೇಚನೆಗೇ ಬಿಟ್ಟುಹೋದರು. ನನ್ನ ಸೋದರಮಾವನ ಮನೆಯ ಪಡಸಾಲೆಯಲ್ಲಿ ಈ ಎರಡು ಗಾದೆಗಳ ನಡುವೆ ಆರು ತಿಂಗಳ ಪರ್ಯಂತ ವ್ಯಾಜ್ಯ ನಡೆಯಿತು. ವ್ಯಾಜ್ಯಕ್ಕೆ ಕಾರಣ, ಬೆಂಗಳೂರಿನಿಂದ ಸ್ಪೇನ್ ದೇಶದ ಬಾರ್ಸಿಲೋನಾ ನಗರಕ್ಕೆ ಹೋಗಿಬರುವ ಎರಡು ವಿಮಾನದ ಟಿಕೀಟುಗಳು.

ಮಾವ ಬ್ಯಾಂಕೊಂದರಲ್ಲಿ ಮೂವತ್ತಾರು ವರ್ಷ ಲೆಕ್ಕ ಬರೆದು ನಿವೃತ್ತರಾದವರು. ಮದುವೆಯಾದ ವರ್ಷ ಅವರು ಅತ್ತೆಯನ್ನು ಮಲ್ಪೆಗೆ ಕರೆದೊಯ್ದು, ದೋಣಿಯಲ್ಲಿ ದ್ವೀಪಕ್ಕೆ ಹೋಗಿಬರೋಣವೆಂದು ಆಸೆ ಹುಟ್ಟಿಸಿ, ಕಡಲು ಒರಟಾಗಿದೆಯೆಂದು ದಂಡೆಯಿಂದಲೇ ಹಿಂದಕ್ಕೆ ಕರೆತಂದಿದ್ದರು. "ನನಗೊಂದು ಕಡಲಯಾನ ಬಾಕಿ ಇದೆ" ಎಂದು ಅತ್ತೆ ನಲವತ್ತು ವರ್ಷಗಳಿಂದ ಹೇಳುತ್ತಲೇ ಬಂದಿದ್ದರು. ಈಚೆಗೆ ಅವರಿಗೆ ಮಂಡಿನೋವು ಬಲವಾಯಿತು. "ದೂರ ಹೋಗುವುದಿದ್ದರೆ ಬರುವ ಬೇಸಿಗೆಯಲ್ಲಿ ಹೋಗಿಬನ್ನಿ, ಆಮೇಲೆ ಶಸ್ತ್ರಚಿಕಿತ್ಸೆಯ ಮಾತು" ಎಂದು ವೈದ್ಯರು ಹೇಳಿದಾಗ ಮಾವ ಹಳೆಯ ಸಾಲವನ್ನು ತೀರಿಸಲು ನಿಶ್ಚಯಿಸಿದರು. ಮೆಡಿಟರೇನಿಯನ್ ಸಮುದ್ರದಲ್ಲಿ ಏಳು ರಾತ್ರಿ ವಿಹರಿಸುವ ಹಡಗೊಂದರಲ್ಲಿ ಮುಂದಿನ ಮೇ ತಿಂಗಳಿಗೆ ಒಂದು ಕೋಣೆಯನ್ನು ಕಾದಿರಿಸಿ, ಮುಂಗಡವನ್ನೂ ಕಟ್ಟಿದರು. ಆಗ ಜೂನ್ ತಿಂಗಳು. ಉಳಿದದ್ದು ವಿಮಾನದ ಮಾತು. ಅದನ್ನು ವಿಚಾರಿಸುವ ಭಾರ, ಮನೆಯಲ್ಲಿ ಹೆಚ್ಚು ಓದಿದವನೆಂಬ ಕಾರಣಕ್ಕೆ, ಕನ್ನಡ ಪಾಠ ಹೇಳುವ ನನ್ನ ಹೆಗಲಿಗೆ ಬಿತ್ತು.

ದಾರಿಯೇ ಊರಾದ ಕಾಲ

ಹಿಂದೆ ಈ ತೊಡಕು ಇರಲಿಲ್ಲ. 1936ರಲ್ಲಿ ವಿ. ಕೃ. ಗೋಕಾಕರು ಆಕ್ಸ್‌ಫರ್ಡಿಗೆ ವಿದ್ಯಾರ್ಥಿಯಾಗಿ ಹೊರಟಾಗ ಹಡಗೇ ದಾರಿ. ಆ ಯಾನದ ಫಲವಾಗಿ ಕನ್ನಡಕ್ಕೆ 'ಸಮುದ್ರ ಗೀತೆಗಳು' ದೊರೆತವು. 1948ರ ಜೂನ್ 8ರಂದು ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ವಿಮಾನವು ಮುಂಬಯಿಯಿಂದ ಕೈರೋ, ಜಿನೀವಾಗಳ ಮೂಲಕ ಲಂಡನ್ನಿಗೆ ಹಾರಿತು. ಅಲ್ಲಿಂದ ಮುಂದೆ ದಾರಿಯ ಕೆಲಸವನ್ನು ವಿಮಾನ ವಹಿಸಿಕೊಂಡಿತು. ಹಡಗು ಸೋತು ಮೂಲೆ ಸೇರಲಿಲ್ಲ, ವೇಷ ಬದಲಿಸಿತು. ಇಂದಿನ ವಿಹಾರನೌಕೆ ಊರಿಗೆ ಕರೆದೊಯ್ಯುವ ವಾಹನವಲ್ಲ, ಅದೇ ಒಂದು ಊರು. ಆ ಊರನ್ನು ಸೇರಲು ಮೊದಲು ವಿಮಾನವನ್ನೇರಬೇಕು.

ಮಾವನ ಹಡಗು ಭಾನುವಾರ ಸಂಜೆ ಆರು ಗಂಟೆಗೆ ಬಾರ್ಸಿಲೋನಾ ಬಿಟ್ಟು, ಫ್ರಾನ್ಸಿನ ಮಾರ್ಸೇಲ್ಸ್, ಇಟಲಿಯ ಜಿನೋವಾ, ನೇಪಲ್ಸ್ ಮೊದಲಾದ ಬಂದರುಗಳನ್ನು ಮುಟ್ಟಿ ಮುಂದಿನ ಭಾನುವಾರ ಬೆಳಗ್ಗೆ ಹೊರಟಲ್ಲಿಗೇ ಮರಳತಕ್ಕದ್ದು. ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನವಿಲ್ಲ. ದುಬೈ, ದೋಹಾ, ಫ್ರಾಂಕ್‌ಫರ್ಟ್, ಪ್ಯಾರಿಸ್ ಇಂಥ ಯಾವುದಾದರೊಂದು ನಿಲ್ದಾಣದಲ್ಲಿ ಇಳಿದು ಇನ್ನೊಂದು ವಿಮಾನವನ್ನು ಹಿಡಿಯಬೇಕು.

ಮೂರು ಪಂಚಾಂಗಗಳು

ವಿಚಾರಿಸುತ್ತ ಹೋದಂತೆ ನನಗೆ ತಿಳಿದುಬಂದದ್ದು ಇಷ್ಟು: ಇಂಥ ಪ್ರವಾಸಕ್ಕೆ ಒಂದಲ್ಲ, ಮೂರು ಪಂಚಾಂಗಗಳಿವೆ. ಮೂರನ್ನೂ ಮುಂದಿಟ್ಟುಕೊಳ್ಳದೆ ಮುಹೂರ್ತ ನೋಡಿದರೆ ಕೆಡುಕು ತಪ್ಪಿದ್ದಲ್ಲ.

ಮೊದಲನೆಯದು ಹಡಗಿನ ಪಂಚಾಂಗ. ಹಡಗಿನ ಕೋಣೆಗಳು ಒಂದೂವರೆ, ಎರಡು ವರ್ಷ ಮುಂಚಿತವಾಗಿಯೇ ಮಾರಾಟಕ್ಕೆ ಬರುತ್ತವೆ. ಮುಂಗಡ ಕಟ್ಟಿದರೆ ಕೋಣೆ ನಿಲ್ಲುತ್ತದೆ. ಪೂರ್ತಿ ಹಣ ಸಲ್ಲಿಸುವ ಗಡುವು ಸಾಮಾನ್ಯವಾಗಿ ಹೊರಡುವ ದಿನಕ್ಕೆ ಮೂರು ತಿಂಗಳು ಹಿಂದುಮುಂದಾಗಿ ಇರುತ್ತದೆ. ಆ ಗಡುವು ದಾಟಿದ ಮೇಲೆ ಮನಸ್ಸು ಬದಲಿಸಿದವರು ತೆರಬೇಕಾದ ದಂಡ ಮೆಟ್ಟಿಲು ಮೆಟ್ಟಿಲಾಗಿ ಏರಿ, ಕೊನೆಗೆ ಕೊಟ್ಟ ಹಣವೆಲ್ಲವನ್ನೂ ನುಂಗುತ್ತದೆ.

ಎರಡನೆಯದು ವಿಮಾನದ ಪಂಚಾಂಗ. ಹೆಚ್ಚಿನ ವಿಮಾನ ಸಂಸ್ಥೆಗಳು ಸುಮಾರು ಹನ್ನೊಂದು ತಿಂಗಳ ಮುಂಚೆ ಟಿಕೀಟು ಮಾರಲು ಆರಂಭಿಸುತ್ತವೆ. ಹೋಗುವ ದಿನವಷ್ಟೇ ಅಲ್ಲ, ಮರಳುವ ದಿನವೂ ಆ ಅವಧಿಯೊಳಗೆ ಬರುವವರೆಗೆ ಕಾಯಬೇಕು.

ಮೂರನೆಯದು ವೀಸಾದ ಪಂಚಾಂಗ. ನಮ್ಮವರು ಬಹಳಮಟ್ಟಿಗೆ ಮರೆಯುವುದು ಇದನ್ನೇ. ಸ್ಪೇನ್, ಫ್ರಾನ್ಸ್, ಇಟಲಿಗಳು ಸೇರಿರುವ ಷೆಂಗೆನ್ ಒಕ್ಕೂಟದ ವೀಸಾಕ್ಕೆ ಪ್ರಯಾಣದ ಆರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ. ಹದಿನೈದು ದಿನಗಳಿಗಿಂತ ತಡವಾಗಿಯೂ ಹಾಕುವಂತಿಲ್ಲ. 2020ರ ಫೆಬ್ರವರಿಯಿಂದ ಇದು ನಿಯಮ. ಸಾಮಾನ್ಯವಾಗಿ 15 ದಿನಗಳಲ್ಲಿ ತೀರ್ಮಾನವಾಗುತ್ತದೆ. ಸಂದೇಹ ಬಂದರೆ 45 ದಿನಗಳವರೆಗೆ ಎಳೆಯಬಹುದು. ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಅರ್ಜಿ ತಿರಸ್ಕೃತವಾದರೂ ಅದು ಮರಳಿ ಬರುವುದಿಲ್ಲ. ಹಡಗು ನಡುವೆ ಒಕ್ಕೂಟದ ಹೊರಗಿನ ಟರ್ಕಿಯಂಥ ದೇಶವನ್ನು ಮುಟ್ಟಿಬರುವುದಾದರೆ ಮತ್ತೆ ಒಳಬರಲು ಅವಕಾಶವಿರುವ ವೀಸಾವನ್ನೇ ಕೇಳಬೇಕು.

ಮೇ ತಿಂಗಳ ಯಾನಕ್ಕೆ ಈ ಮೂರನ್ನೂ ಹೊಂದಿಸಿ ನೋಡೋಣ. ವಿಮಾನದ ಬಾಗಿಲು ಜೂನಿನಲ್ಲಿ ತೆರೆಯಿತು. ವೀಸಾದ ಬಾಗಿಲು ತೆರೆಯುವುದು ನವೆಂಬರಿನಲ್ಲಿ. ಹಡಗಿನ ಗಡುವು ಫೆಬ್ರವರಿ. ಜೂನಿನಲ್ಲಿಯೇ ಹಣ ಮರಳದಂಥ ಅಗ್ಗದ ಟಿಕೀಟು ಕೊಂಡವನು, ವೀಸಾ ದೊರೆಯದಿದ್ದರೆ ಟಿಕೀಟಿನ ಹಣವನ್ನು ಗಾಳಿಗೆ ತೂರಿದಂತೆ. ಏಪ್ರಿಲಿನವರೆಗೆ ಕಾದವನು, ಹಡಗಿಗೆ ಪೂರ್ತಿ ಹಣ ತೆತ್ತು ವಿಮಾನದವರು ಕೇಳಿದ ಬೆಲೆಗೆ ತಲೆಬಾಗಬೇಕು.

ಬೆಲೆಯ ಮರ್ಮ

ಮಾವ ಒಂದು ಹಳೆಯ ಲೆಕ್ಕದ ಪುಸ್ತಕವನ್ನು ತೆಗೆದು, ದಿನವೂ ಬೆಳಗ್ಗೆ ಕಾಫಿಯಾದ ಮೇಲೆ ಆ ದಿನದ ದರವನ್ನು ಅದರಲ್ಲಿ ಬರೆಯತೊಡಗಿದರು. ಒಂದು ದಿನ ಏರಿಕೆ, ಒಂದು ದಿನ ಇಳಿಕೆ. "ಇದೇನಯ್ಯಾ, ಬಂಗಾರದ ಬೆಲೆಗಾದರೂ ಒಂದು ನಡತೆ ಇದೆ, ಇದಕ್ಕಿಲ್ಲ!" ಎಂದು ಅವರು ನನ್ನ ಮೇಲೆ ರೇಗಿದರು.

ನಡತೆ ಇಲ್ಲದಿಲ್ಲ. ಹಾರಿಹೋದ ವಿಮಾನದ ಖಾಲಿ ಆಸನ ಹಳಸಿದ ಅನ್ನದಂತೆ. ನಾಳೆ ಅದನ್ನು ಮಾರಲಾಗದು. ಆದುದರಿಂದ ಆಸನ ಉಳಿಯಲೂಬಾರದು, ಕಡಮೆಗೆ ಹೋಗಲೂಬಾರದು ಎಂಬುದು ಮಾರುವವರ ಚಿಂತೆ. 1978ರಲ್ಲಿ ಅಮೆರಿಕವು ತನ್ನ ಒಳನಾಡಿನ ವಿಮಾನದರಗಳ ಮೇಲಿನ ಸರಕಾರದ ಹತೋಟಿಯನ್ನು ತೆಗೆಯುವ ಶಾಸನ ಮಾಡಿತು. ಅಲ್ಲಿಂದೀಚೆಗೆ ಒಂದೇ ವಿಮಾನದ ಒಂದೇ ಬಗೆಯ ಆಸನಗಳನ್ನು ಹಲವು ಬೆಲೆಯ ಗುಂಪುಗಳಾಗಿ ವಿಂಗಡಿಸಿ ಮಾರುವ ವಿದ್ಯೆ ಬಹಳವಾಗಿ ಬೆಳೆಯಿತು. ಅಗ್ಗದ ಗುಂಪು ತೀರಿದರೆ ಮುಂದಿನ ಗುಂಪು. ಬೇಡಿಕೆ ಕುಂದಿದೆಯೆಂದು ಕಂಪ್ಯೂಟರಿಗೆ ತೋರಿದರೆ ಮುಚ್ಚಿದ ಅಗ್ಗದ ಗುಂಪು ಮತ್ತೆ ತೆರೆಯುವುದೂ ಉಂಟು. ಆದಕಾರಣ ಮಾರಾಟ ಆರಂಭವಾದ ಮೊದಲ ದಿನವೇ ಅತ್ಯಗ್ಗದ ದಿನವೆಂದು ನಂಬಲಾಗದು. ಮಂಗಳವಾರ ನಡುರಾತ್ರಿ ಕೊಂಡರೆ ಅಗ್ಗವೆಂಬ ಮಾತೂ ನಂಬಿ ನಡೆಯತಕ್ಕದ್ದಲ್ಲ.

ಕುಟುಂಬದವರು ತಿಳಿಯಬೇಕಾದ ಇನ್ನೊಂದು ಸೂಕ್ಷ್ಮವಿದೆ. ಅಗ್ಗದ ಗುಂಪಿನಲ್ಲಿ ಒಂದೇ ಆಸನ ಉಳಿದಿರುವಾಗ ಎರಡು ಟಿಕೀಟು ಕೇಳಿದರೆ, ಸಾಮಾನ್ಯವಾಗಿ ಎರಡಕ್ಕೂ ಮೇಲಿನ ಗುಂಪಿನ ಬೆಲೆಯನ್ನೇ ಹೇಳುತ್ತದೆ. ಒಬ್ಬರಿಗೆಷ್ಟು, ಇಬ್ಬರಿಗೆಷ್ಟು ಎಂದು ಬೇರೆ ಬೇರೆಯಾಗಿ ನೋಡಿಕೊಳ್ಳುವುದು ಲೇಸು. ಮತ್ತೊಂದು ಸಂಗತಿ: ಏಪ್ರಿಲ್, ಮೇ ನಮ್ಮ ಶಾಲೆಗಳ ರಜೆ; ಜುಲೈ, ಆಗಸ್ಟ್ ಯೂರೋಪಿನವರ ರಜೆ. ಇಂಥ ತಿಂಗಳುಗಳಲ್ಲಿ ಕೊನೆಯ ಗಳಿಗೆಯ ಅಗ್ಗವನ್ನು ನೆಚ್ಚಿ ಕೂರುವುದು ಜಾತ್ರೆಯ ದಿನ ತೇರುಬೀದಿಯಲ್ಲಿ ಖಾಲಿ ಜಗುಲಿಯನ್ನು ಹುಡುಕಿದಂತೆ.

ಬಂದರಿನಲ್ಲಿ ಉಳಿದವರು

ಈ ನಡುವೆ ಒಂದು ದಿನ ನನ್ನ ಸಹೋದ್ಯೋಗಿಯೊಬ್ಬರು ಮಾವನ ಮನೆಗೆ ಬಂದಿದ್ದರು. ಕೆಲವು ವರ್ಷಗಳ ಹಿಂದೆ ಅವರೂ ಅವರ ಪತ್ನಿಯೂ ಇದೇ ಬಾರ್ಸಿಲೋನಾದಿಂದ ಹಡಗು ಏರಲು ಹೋದವರು. ಹಣ ಉಳಿಯಿತೆಂದು ಎರಡು ಬೇರೆ ಸಂಸ್ಥೆಗಳ ಟಿಕೀಟುಗಳನ್ನು ಬಿಡಿಬಿಡಿಯಾಗಿ ಕೊಂಡಿದ್ದರು. ಹಡಗು ಹೊರಡುವ ದಿನವೇ ಮಧ್ಯಾಹ್ನ ತಲಪುವಂತೆ ಹೊಂದಿಸಿದ್ದರು. ಮೊದಲ ವಿಮಾನ ಮೂರು ಗಂಟೆ ತಡವಾಯಿತು. ಎರಡನೆಯದು ಹಾರಿಹೋಗಿತ್ತು. ಟಿಕೀಟುಗಳು ಬೇರೆ ಬೇರೆಯಾದುದರಿಂದ ಇವರನ್ನು ಮುಂದಕ್ಕೆ ತಲಪಿಸುವ ಹೊಣೆ ಇಬ್ಬರದೂ ಅಲ್ಲ. ಹೊಸದಾಗಿ ದುಬಾರಿ ಟಿಕೀಟು ಕೊಂಡು ಅವರು ಬಂದರನ್ನು ಮುಟ್ಟಿದಾಗ ಕತ್ತಲಾಗಿತ್ತು.

"ಹಡಗು ನಿಂತಿದ್ದ ಜಾಗ ಖಾಲಿಯಾಗಿತ್ತು. ನನ್ನವಳು ಪೆಟ್ಟಿಗೆಯ ಮೇಲೆ ಕುಳಿತಳು. ಒಂದು ಮಾತೂ ಆಡಲಿಲ್ಲ. ಅವಳು ಬೈದಿದ್ದರೆ ವಾಸಿಯಿತ್ತು" ಎಂದರು ಅವರು.

ಮಾವ ಲೆಕ್ಕದ ಪುಸ್ತಕವನ್ನು ಮುಚ್ಚಿದರು. ಹಡಗು ಬಿಡುವುದಕ್ಕೆ ಒಂದು, ಒಂದೂವರೆ ಗಂಟೆ ಮೊದಲೇ ಹತ್ತುವವರ ಪಟ್ಟಿಯನ್ನು ಮುಗಿಸುವುದು ವಾಡಿಕೆ. ಬಂದರಿನಲ್ಲಿ ನಿಲ್ಲುವ ಸಮಯ ಮೊದಲೇ ಗೊತ್ತಾಗಿರುತ್ತದೆ. ಒಳಗಿರುವ ಸಾವಿರಾರು ಜನರನ್ನು ಬಿಟ್ಟು ಹೊರಗಿನ ಇಬ್ಬರಿಗಾಗಿ ಅದು ಕಾಯದು. ವಿಮಾನ ತಪ್ಪಿದರೆ ಇನ್ನೊಂದು ವಿಮಾನವುಂಟು. ಹಡಗು ತಪ್ಪಿದರೆ ಮುಂದಿನ ಬಂದರಿಗೆ ಬೆನ್ನಟ್ಟಿ ಹೋಗಬೇಕು. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋಗಳ ವಿಮೆ ಬೇಕೆಂಬುದು ನಿಜ. ಆದರೆ ಆ ನಿಯಮ ಕೇಳುವುದು ಚಿಕಿತ್ಸೆ, ಸ್ವದೇಶಕ್ಕೆ ಮರಳಿಸುವಿಕೆ ಇವುಗಳ ವೆಚ್ಚವನ್ನು. ಹಡಗು ತಪ್ಪಿದಾಗಿನ ನಷ್ಟವನ್ನು ತುಂಬುವ ವಿಮೆಯೇ ಎಂಬುದನ್ನು ಪ್ರತ್ಯೇಕವಾಗಿ ಓದಿ ನೋಡಿಕೊಳ್ಳಬೇಕು.

ನಾವು ಮಾಡಿದ್ದು

ಅಂದಿನಿಂದ ಪ್ರಶ್ನೆಯ ರೂಪವೇ ಬದಲಾಯಿತು. 'ಯಾವ ದಿನ ಅಗ್ಗ?' ಎಂಬುದನ್ನು ಬಿಟ್ಟು, 'ಯಾವ ನಷ್ಟವನ್ನು ನಾವು ತಾಳಬಲ್ಲೆವು?' ಎಂದು ಕೇಳಿಕೊಂಡೆವು. ಐದಾರು ಸಾವಿರ ರೂಪಾಯಿ ಹೆಚ್ಚು ತೆರುವ ನಷ್ಟ ತಾಳತಕ್ಕದ್ದು. ಅತ್ತೆ ಬಂದರಿನಲ್ಲಿ ಪೆಟ್ಟಿಗೆಯ ಮೇಲೆ ಕುಳಿತುಕೊಳ್ಳುವ ನಷ್ಟ ತಾಳತಕ್ಕದ್ದಲ್ಲ.

ನವೆಂಬರಿನಲ್ಲಿ ವೀಸಾದ ಅರ್ಜಿಗೆಂದು ಪ್ರವಾಸದ ಏಜೆಂಟರ ಮೂಲಕ ಆಸನಗಳನ್ನು ಕಾದಿರಿಸಿದೆವು. ಪೂರ್ತಿ ಹಣ ಕಟ್ಟಲಿಲ್ಲ. ಡಿಸೆಂಬರಿನ ನಡುವಿನಲ್ಲಿ ವೀಸಾ ಕೈಸೇರಿತು. ಮರುದಿನವೇ ಟಿಕೀಟು ಕೊಂಡೆವು. ಹೊರಡಲು ಇನ್ನೂ ಐದು ತಿಂಗಳು. ಹಡಗಿನ ಗಡುವಿಗೆ ಎರಡು ತಿಂಗಳು. ಇಡೀ ದಾರಿಗೆ ಒಂದೇ ಟಿಕೀಟು. ಭಾನುವಾರದ ಹಡಗಿಗೆ ಶುಕ್ರವಾರ ಸಂಜೆ ತಲಪುವ ವಿಮಾನ. ಮರಳುವ ದಿನ, ಹಡಗಿನಿಂದ ಇಳಿಯುವ ಸಾಲು ಬೆಳಗಿನ ಹತ್ತರವರೆಗೆ ನಡೆಯಬಹುದೆಂದು, ಮಧ್ಯಾಹ್ನದ ಮೇಲಿನ ವಿಮಾನ. ಬಾರ್ಸಿಲೋನಾದಲ್ಲಿ ಬಂದರಿಗೂ ವಿಮಾನ ನಿಲ್ದಾಣಕ್ಕೂ ಬಹಳ ದೂರವಿಲ್ಲ. ಎಲ್ಲ ಊರುಗಳೂ ಹಾಗಲ್ಲ: ರೋಮಿನ ಹಡಗು ನಿಲ್ಲುವುದು ಸುಮಾರು 80 ಕಿಲೋಮೀಟರ್ ಆಚೆಯ ಚಿವಿತಾವೆಕ್ಕಿಯಾದಲ್ಲಿ, ಲಂಡನ್ನಿನದೆಂದು ಮಾರುವ ಎಷ್ಟೋ ಯಾನಗಳು ಹೊರಡುವುದು ನೂರು ಕಿಲೋಮೀಟರಿಗೂ ಹೆಚ್ಚು ದೂರದ ಸೌತಾಂಪ್ಟನ್ನಿನಿಂದ.

ಮಾರ್ಚಿ ತಿಂಗಳಲ್ಲಿ ದರ ಇಳಿಯಿತು. ಎರಡು ಟಿಕೀಟಿಗೆ ಆರು ಸಾವಿರ ರೂಪಾಯಿ ಕಡಮೆ. ಪುಸ್ತಕ ಮುಚ್ಚಿದ್ದರೂ ಮಾವ ಕದ್ದು ನೋಡುತ್ತಿದ್ದರೆಂಬುದು ಅಂದು ಬಯಲಾಯಿತು. ಅವರು ಊಟ ಸರಿಯಾಗಿ ಮಾಡಲಿಲ್ಲ. ಅತ್ತೆ ಸಾರು ಬಡಿಸುತ್ತ ಹೇಳಿದರು: "ರೀ, ಈ ಆರು ಸಾವಿರಕ್ಕಾಗಿ ನೀವು ಮೂರು ತಿಂಗಳು ಆ ಪುಸ್ತಕ ಹಿಡಿದೇ ಕೂತಿರುತ್ತಿದ್ದಿರಿ. ಡಿಸೆಂಬರಿನಿಂದ ನೀವು ನನ್ನ ಜೊತೆ ಮಾತಾಡಿದ್ದೀರಿ. ಅದಕ್ಕೆ ಬೆಲೆ ಇಲ್ಲವೇ?"

ಮೇ ತಿಂಗಳಲ್ಲಿ ಅವರು ಹೊರಟ ರಾತ್ರಿ ಬೆಂಗಳೂರಿನಲ್ಲಿ ಗುಡುಗು ಮಿಂಚಿನ ಮಳೆ. ವಿಮಾನ ನಾಲ್ಕು ಗಂಟೆ ತಡವಾಗಿ ಎದ್ದಿತು. ನಡುದಾರಿಯ ವಿಮಾನ ತಪ್ಪಿತು. ಒಂದೇ ಟಿಕೀಟಾದುದರಿಂದ ಸಂಸ್ಥೆಯವರೇ ಮುಂದಿನ ವಿಮಾನದಲ್ಲಿ ಕೂಡಿಸಿದರು. ಶುಕ್ರವಾರ ಸಂಜೆ ಮುಟ್ಟಬೇಕಾದವರು ಶನಿವಾರ ಮಧ್ಯಾಹ್ನ ಮುಟ್ಟಿದರು. ಕೈಯಲ್ಲಿ ಇನ್ನೂ ಒಂದು ದಿನವಿತ್ತು. ಅತ್ತೆ ಕಾಲು ನೀಡಿ ನಿದ್ದೆ ಮಾಡಿದರು.

ಭಾನುವಾರ ಅಲ್ಲಿ ಸಂಜೆ ಆರು, ನಮ್ಮಲ್ಲಿ ರಾತ್ರಿ ಒಂಬತ್ತೂವರೆ. ಮಾವನ ಫೋನು ಬಂದಿತು. ಹಿಂದೆ ಹಡಗಿನ ಕೂಗು, ಗಾಳಿಯ ಸದ್ದು. "ಹೊರಟಿತಯ್ಯಾ" ಎಂದಷ್ಟೇ ಹೇಳಿ ಫೋನನ್ನು ಅತ್ತೆಯ ಕೈಗಿತ್ತರು. ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನಕ್ಕು ಹೇಳಿದರು: "ನಿಮ್ಮ ಮಾವನ ಲೆಕ್ಕದಲ್ಲಿ ಬರೆದುಕೋ ಅಂತ ಹೇಳಿದ್ದೇನೆ. ಬಾಕಿ ತೀರಿತು."