ಬೀಜ ಕೈಕೊಟ್ಟರೆ ಏನೇನು ಕೇಳಬಹುದು?

ಕಳೆದ ಮಳೆಗಾಲ ನನ್ನ ಮೆಕ್ಕೆಜೋಳ ಎದೆಯುದ್ದ ಬೆಳೆಯಿತು, ತೆನೆಯಲ್ಲಿ ಕಾಳು ಕಟ್ಟಲಿಲ್ಲ. ಅಂಗಡಿಯವರು "ಬೀಜದ ದುಡ್ಡು ವಾಪಸ್ ತಗೊಳ್ಳಿ" ಅಂದರು. ನಮ್ಮ ಹಕ್ಕು ಅಷ್ಟೇ ಅಲ್ಲ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ.

ಜಿಲ್ಲಾ ಗ್ರಾಹಕ ಆಯೋಗದಲ್ಲಿ ಬೀಜದ ಬೆಲೆ, ಬೆಳೆನಷ್ಟ, ಮನೋವೇದನೆಗೆ ಪರಿಹಾರ, ಕೇಸಿನ ಖರ್ಚು ಕೇಳಬಹುದು. ಬೆಳೆಯ ಪೂರ್ತಿ ಬೆಲೆ ಕೇಳಿದ ಮೇಲೆ ಗೊಬ್ಬರ, ಕೂಲಿಯ ಲೆಕ್ಕ ಪುನಃ ಸೇರಿಸಬಾರದು. "ಆ ದುಡ್ಡಲ್ಲಿ ಬಾವಿ ತೋಡ್ತಿದ್ದೆ" ಅಂದರೂ ನಡೆಯದು. ಅಂಥ ದೂರದ ನಷ್ಟವನ್ನು 1872ರ ಕರಾರು ಕಾಯಿದೆಯ 73ನೇ ಕಲಂ ಒಪ್ಪುವುದಿಲ್ಲ.

ದೂರು ಕೊಡಲು ಗಡುವು 2 ವರ್ಷ. ಬಿಲ್ಲು, ಲಾಟ್ ನಂಬರಿರುವ ಚೀಲ, ಉಳಿದ ಬೀಜ ಎತ್ತಿಡಿ. ಬೆಳೆ ಹೊಲದಲ್ಲಿರುವಾಗಲೇ ಕೃಷಿ ಇಲಾಖೆಯವರನ್ನು ಕರೆಸಿ, ಕಂಡದ್ದನ್ನು ಬರೆಸಿಕೊಳ್ಳಿ.